ಊರಬಾಗಿಲ ಕಲ್ಲು ಊರಲ್ಲೇ ಇರಲಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯಲ್ಲಿ ಊರಬಾಗಿಲು, ಕೆರೆಯೇರಿ, ಗುಡಿಯಂಗಳದಲ್ಲಿ ನಿಂತ ವೀರಗಲ್ಲು, ಮಾಸ್ತಿಗಲ್ಲುಗಳು ದಾರಿಹೋಕರಿಗೆಂದೇ ಬರೆದ ಚರಿತ್ರೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದಲ್ಲಿ ಕಾಳಗ, ಕೆಲವೆಡೆ ಕಳ್ಳರು ಹೊಡೆದೊಯ್ಯುತ್ತಿರುವ ದನದ ಹಿಂಡು. ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಅದೇ ವೀರ, ತುದಿಯಲ್ಲಿ ಸೂರ್ಯಚಂದ್ರರು. ಗಂಡನ ಚಿತೆಯೇರಿದವಳ ನೆನಪಿನ ಮಾಸ್ತಿಗಲ್ಲಿನಲ್ಲಿ ಬಳೆ ತೊಟ್ಟು ಮೇಲೆತ್ತಿದ ಹೆಣ್ಣಿನ ತೋಳು. ಆ ತೋಳಿನ ಹಿಂದಿನ ಸಂಕಟವನ್ನು ಯಾವ ಶಿಲ್ಪಿಯೂ ಕೆತ್ತಿಲ್ಲ.

ರಸ್ತೆ ಅಗಲವಾದಂತೆ ಇವಕ್ಕೆ ಆಪತ್ತು, ಆದ್ದರಿಂದ ವಸ್ತುಸಂಗ್ರಹಾಲಯಕ್ಕೆ ಸಾಗಿಸುವುದೇ ಕ್ಷೇಮ ಎನ್ನುವವರಿದ್ದಾರೆ. ಇದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯನ್ನು ನೋಡಿ. ಸುಮಾರು ಕ್ರಿ.ಶ. 450ರದೆನ್ನಲಾದ ಅಲ್ಲಿನ ಶಾಸನವನ್ನು ಪುರಾತತ್ವಜ್ಞ ಎಂ.ಎಚ್. ಕೃಷ್ಣ 1936ರಲ್ಲಿ ಬೆಳಕಿಗೆ ತಂದರು. ಕಾಳಗದಲ್ಲಿ ಮೆರೆದ ವಿಜ ಅರಸನಿಗೆ ಹಲ್ಮಿಡಿ, ಮೂಳಿವಳ್ಳಿಗಳನ್ನು ಬಾಳ್ಗಳ್ಚಾಗಿ, ಅಂದರೆ ಕತ್ತಿ ತೊಳೆದು ಕೊಡುವ ವೀರನ ದತ್ತಿಯಾಗಿ, ಕೊಟ್ಟ ದಾಖಲೆ ಅದು. ಎಂದರೆ ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದು ಹಳ್ಳಿಗಳ ಹಕ್ಕುಪತ್ರವೇ. ಮೂಲ ಕಲ್ಲು ಸರ್ಕಾರದ ವಶದಲ್ಲಿ ಭದ್ರವಾಗಿದೆ, ಊರಿನ ಮಂಟಪದಲ್ಲಿರುವುದು ಪ್ರತಿಕೃತಿ. ಅಷ್ಟು ಹೆಸರಾಂತ ಕಲ್ಲಿಗೆ ಮಂಟಪವಾದರೂ ದಕ್ಕಿತು. ಹೆಸರಿಲ್ಲದ ವೀರಗಲ್ಲನ್ನು ಕಿತ್ತೊಯ್ದರೆ ಅದಕ್ಕೆ ಪ್ರತಿಕೃತಿ ಮಾಡಿಸುವವರು ಯಾರು? ಯಾವ ಕೆರೆ, ಯಾವ ಗಡಿ, ಯಾರ ದನ ಎಂಬ ಗುರುತು ನಿಂತ ನೆಲದಲ್ಲೇ ಇರುತ್ತದೆ. ಅಲ್ಲಿಂದ ಎಬ್ಬಿಸಿದ ಮೇಲೆ ಉಳಿಯುವುದು ಶಿಲ್ಪವಷ್ಟೇ.

ಶಾಸನತಜ್ಞ ಬಿ.ಎಲ್. ರೈಸ್ 1902ರಲ್ಲೇ ಹಾಸನ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ 5ನೇ ಸಂಪುಟದಲ್ಲಿ ಅಚ್ಚು ಹಾಕಿಸಿದರಲ್ಲ, ಕಲ್ಲು ಹೋದರೇನು ಎಂಬ ಮಾತೂ ಉಂಟು. ಆ ಸಂಪುಟಗಳು ಅಕ್ಷರವಿರುವ ಕಲ್ಲುಗಳಿಗಾಗಿ ಹುಟ್ಟಿದವು. ಬರಹವಿಲ್ಲದ ವೀರಗಲ್ಲಿಗೆ ಅಲ್ಲಿ ಜಾಗವಿಲ್ಲ. ಅದು ಒಡೆದರೆ ಸತ್ತವನಿಗೆ ಬೇರೆ ಸಾಕ್ಷಿಯೇ ಇಲ್ಲ. 1961ರ ರಾಜ್ಯ ಸ್ಮಾರಕ ಕಾಯ್ದೆಯ ಪೂರ್ಣ ರಕ್ಷಣೆ ಅಧಿಸೂಚನೆಯಾದವಕ್ಕೆ ಮಾತ್ರ. ಇಷ್ಟು ಕಾಲ ಮಿಕ್ಕವನ್ನು ಕಾಯ್ದದ್ದು ಅರಿಸಿನ ಕುಂಕುಮ ಹಚ್ಚಿದ ಕೈಗಳೇ. ಎಣ್ಣೆಯ ಜಿಡ್ಡಿನಿಂದ ಕೆತ್ತನೆ ಮಾಸುವುದು ನಿಜವಾದರೂ ಪೂಜೆ ನಿಂತ ಕಲ್ಲು ಬಟ್ಟೆ ಒಗೆಯುವ ಚಪ್ಪಡಿಯಾಗುವುದು ಅದಕ್ಕಿಂತ ಕೆಡುಕು. ಗ್ರಾಮ ಪಂಚಾಯಿತಿಗಳು ಮನಸ್ಸು ಮಾಡಲಿ: ಒರಗಿದ ಕಲ್ಲನ್ನು ಅದೇ ಜಾಗದಲ್ಲಿ ಎತ್ತಿ ನಿಲ್ಲಿಸಿ, ಕೆತ್ತನೆಗೆ ಸಿಮೆಂಟು, ಬಣ್ಣ ತಾಗಿಸದೆ, ಪಕ್ಕದಲ್ಲಿ ನಾಲ್ಕು ಸಾಲಿನ ಕನ್ನಡ ಫಲಕ ನೆಡಿಸಲಿ.