ಗಿರಣಿಯಲ್ಲಿ ತಂಗುವ ಅತಿಥಿಗಳು

ಹೆಬ್ಬಾಳ, ಯಲಹಂಕಗಳು ಕೆರೆಗಳ ಊರು. ಅಲ್ಲಿನ ನೀರು ಗದ್ದೆಗೆ ಹರಿಯಿತೇ ಹೊರತು ಗಿರಣಿ ತಿರುಗಿಸುವಷ್ಟು ಎತ್ತರದಿಂದ ಧುಮುಕಲಿಲ್ಲ. ಅಂಥ ನೀರು ಕಾಣಬೇಕಾದರೆ ಬೆಳಗಾವಿ ಜಿಲ್ಲೆಯ ಗೋಕಾಕಕ್ಕೆ ಹೋಗಬೇಕು. ಘಟಪ್ರಭಾ ನದಿ ಅಲ್ಲಿ ಸುಮಾರು 52 ಮೀಟರ್ ಕೆಳಕ್ಕೆ ಬೀಳುತ್ತದೆ. ಆ ನೀರಿನ ಬಲವನ್ನೇ ನಂಬಿ ದಡದಲ್ಲಿ ನೂಲಿನ ಗಿರಣಿಯೊಂದು 1887ರಲ್ಲಿ ಆರಂಭವಾಯಿತು.

ಅದಕ್ಕೂ ನೂರು ವರ್ಷ ಮೊದಲೇ ಸ್ಕಾಟ್ಲೆಂಡಿನ ಕ್ಲೈಡ್ ನದಿಯ ದಡದಲ್ಲಿ, ನ್ಯೂ ಲ್ಯಾನಾರ್ಕ್ ಎಂಬಲ್ಲಿ, ಡೇವಿಡ್ ಡೇಲ್ ಇಂಥದೇ ಗಿರಣಿ ಕಟ್ಟಿಸಿದ್ದರು. ನೀರು ಚಕ್ರವನ್ನು ತಿರುಗಿಸುತ್ತಿತ್ತು, ಚಕ್ರದಿಂದ ಕದಿರುಗಳು ತಿರುಗುತ್ತಿದ್ದವು. ಕದಿರಿನ ಮುಂದೆ ನಿಂತು ದುಡಿಯುತ್ತಿದ್ದವರಲ್ಲಿ ಅನಾಥ ಮಕ್ಕಳೇ ನೂರಾರು! 1800ರಲ್ಲಿ ಆಡಳಿತ ವಹಿಸಿಕೊಂಡ ಡೇಲ್ ಅವರ ಅಳಿಯ ರಾಬರ್ಟ್ ಓವೆನ್, ಹತ್ತು ವರ್ಷ ತುಂಬದವರನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿದರು. 1816ರಲ್ಲಿ ಮಕ್ಕಳಿಗೆ ಶಾಲೆ ತೆರೆದರು. ಅಲ್ಲಿ ಪಾಠದ ಜೊತೆಗೆ ಹಾಡು, ಕುಣಿತವಿತ್ತು, ಹೊಡೆತವಿರಲಿಲ್ಲ.

1968ರಲ್ಲಿ ಗಿರಣಿ ನಿಂತಿತು. ಹಾಳು ಬೀಳುತ್ತಿದ್ದ ಕಟ್ಟಡಗಳನ್ನು ಟ್ರಸ್ಟೊಂದು ದುರಸ್ತಿ ಮಾಡಿಸಿತು. ಒಂದನೇ ನಂಬರಿನ ಗಿರಣಿ 1998ರಲ್ಲಿ ಹೋಟೆಲಾಯಿತು. 2001ರಲ್ಲಿ ಇಡೀ ಊರು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅತಿಥಿಗಳು ಹೊಳೆಯ ಪಕ್ಕದ ಕಾಡುದಾರಿಯಲ್ಲಿ ಜಲಪಾತದವರೆಗೆ ನಡೆದು ಬರಬಹುದು. ಓವೆನ್ನರ ಶಾಲೆಯನ್ನೂ ನೋಡಬಹುದು.

ಪಾಲಕರೇ, ಗೋಕಾಕದ ಪ್ರವಾಸದಲ್ಲಿ ಜಲಪಾತದ ಮುಂದೆ ಫೋಟೊ ತೆಗೆಸಿಕೊಂಡ ಕೂಡಲೇ ಬಸ್ಸು ಹತ್ತಬೇಡಿ. ದಡದ ಗಿರಣಿಯನ್ನೂ ಮಕ್ಕಳಿಗೆ ತೋರಿಸಿ. ಅಲ್ಲಿ ಯಾರು ದುಡಿದರು, ಅವರ ಮಕ್ಕಳು ಎಲ್ಲಿ ಓದಿದರು ಎಂದು ಅವರೇ ಕೇಳಲಿ.