ಡ್ಯೂರರನ ಖಡ್ಗಮೃಗ

ಚಿತ್ರಕಲೆಯ ವಿದ್ವಾಂಸರ ಕೆಲಸ ಸೊಗಸನ್ನು ಕೊಂಡಾಡುವುದಷ್ಟೇ ಎಂದು ನಾವು ತಿಳಿಯುವುದುಂಟು. ವಾಸ್ತವವಾಗಿ ಅವರು ನ್ಯಾಯಾಧೀಶರಂತೆ ಸಾಕ್ಷ್ಯವನ್ನು ತೂಗಿ ನೋಡುವವರು. ಜರ್ಮನಿಯ ನ್ಯೂರೆಂಬರ್ಗಿನ ಆಲ್ಬ್ರೆಕ್ಟ್ ಡ್ಯೂರರ್ (೧೪೭೧–೧೫೨೮) ರಚಿಸಿದ 'ಖಡ್ಗಮೃಗ'ವೆಂಬ ಅಚ್ಚುಚಿತ್ರ ಇದಕ್ಕೆ ಒಳ್ಳೆಯ ನಿದರ್ಶನ.

ಆ ಪ್ರಾಣಿ ನಮ್ಮ ದೇಶದ್ದು. ಗುಜರಾತಿನ ಸುಲ್ತಾನ ಎರಡನೆಯ ಮುಜಫರ್ ಷಹನು ಅದನ್ನು ಪೋರ್ಚುಗೀಸರಿಗೆ ಕಾಣಿಕೆಯಾಗಿ ಕೊಟ್ಟನು. ಬಿಜಾಪುರದ ಆದಿಲ್‌ಷಾಹಿಗಳಿಂದ ೧೫೧೦ರಲ್ಲಿ ಗೋವೆಯನ್ನು ಗೆದ್ದಿದ್ದ ಅಲ್ಬುಕರ್ಕನು ಅದನ್ನು ತನ್ನ ದೊರೆ ಮ್ಯಾನ್ಯುಯೆಲನಿಗೆ ಹಡಗಿನಲ್ಲಿ ಕಳುಹಿಸಿದನು. ೧೫೧೫ರ ಮೇ ೨೦ರಂದು ಅದು ಲಿಸ್ಬನ್ ಮುಟ್ಟಿತು. ಡ್ಯೂರರ್ ಅದನ್ನು ಕಣ್ಣಾರೆ ಕಂಡವನಲ್ಲ. ಅಲ್ಲಿಂದ ಬಂದ ವರ್ಣನೆಯನ್ನೂ ರೇಖಾಚಿತ್ರವನ್ನೂ ನಂಬಿ ಬರೆದನು. ಅಂತೆಯೇ ಮೃಗದ ಹೆಗಲ ಮೇಲೆ ಇಲ್ಲದ ಕಿರುಗೊಂಬೊಂದು ಮೂಡಿತು, ಚರ್ಮವು ಕವಚವಾಯಿತು.

ಚಿತ್ರದ ಮೇಲೆ ಅಚ್ಚುಮೊಳೆಗಳಿಂದ ಮುದ್ರಿಸಿದ ಬರಹವೊಂದಿದೆ. ಪ್ರಾಣಿ ಬಂದದ್ದು ೧೫೧೩ರ ಮೇ ೧ರಂದು ಎಂದು ಅದು ಹೇಳುತ್ತದೆ. ಅದೇ ಹಾಳೆಯಲ್ಲಿ, ಮರದಲ್ಲಿ ಕೊರೆದ ವರ್ಷ ೧೫೧೫! ಓದುಬರಹವಿಲ್ಲದ ಮನೆಗಳಿಂದ ಬಂದ ನಮ್ಮಂಥವರಿಗೆ ಅಚ್ಚಾದ ಮಾತೆಂದರೆ ವೇದವಾಕ್ಯ. "ಪುಸ್ತಕದಲ್ಲಿ ಬರೆದಿದೆಯೇನಪ್ಪಾ?" ಎಂದು ಹಿರಿಯರು ಕೇಳುತ್ತಾರೆ; ಹೌದೆಂದರೆ ವಾದ ಮುಗಿಯಿತು. ಇಲ್ಲಿಯಾದರೋ ಅಚ್ಚಾದ ಮಾತೇ ತಪ್ಪಿದೆ.

ಹಾಗಾದರೆ ನಂಬಬೇಕಾದುದು ಯಾವುದನ್ನು? ಮರವನ್ನೂ ಕಾಗದವನ್ನೂ ಎಂದು ವಿದ್ವಾಂಸರು ಉತ್ತರ ಕೊಡುತ್ತಾರೆ. ಹಲಗೆಯ ಮೇಲೆ ಗೆರೆಗಳನ್ನು ಮಾತ್ರ ಉಳಿಸಿ ಮಿಕ್ಕ ಭಾಗವನ್ನು ಕೆತ್ತಿ ತೆಗೆದು, ಮಸಿ ಹಚ್ಚಿ ಒತ್ತುವುದು ಈ ಅಚ್ಚಿನ ಕ್ರಮ. ಕಾಲ ಕಳೆದಂತೆ ಹಲಗೆ ಒಣಗಿ ಬಿರುಕು ಬಿಡುತ್ತದೆ, ಹುಳು ಕೊರೆಯುತ್ತದೆ. ಬಿರುಕಿಗೆ ಮಸಿ ಹತ್ತದು. ಆದುದರಿಂದ ಕಾಗದದ ಮೇಲೆ ಅದು ಬಿಳಿಯ ಗೆರೆಯಾಗಿ ಕಾಣುತ್ತದೆ. ಡ್ಯೂರರ್ ಸತ್ತ ಮೇಲೂ, ಹದಿನೇಳನೆಯ ಶತಮಾನದಲ್ಲಿ ನೆದರ್ಲೆಂಡ್ಸಿನಲ್ಲಿಯೂ, ಇದೇ ಹಲಗೆಯಿಂದ ಪ್ರತಿಗಳನ್ನು ಒತ್ತಿದರು. ಬಿರುಕಿಲ್ಲದ ಪ್ರತಿ ಮೊದಲಿನದು. ಬಿರುಕು ಬೆಳೆದಷ್ಟೂ ಪ್ರತಿ ತಡವಾದುದು.

ಇನ್ನು ಕಾಗದ. ಅದನ್ನು ತಯಾರಿಸುವ ಜಾಲರಿಗೆ ತಂತಿಯಿಂದ ಗುರುತೊಂದನ್ನು ಹೊಲಿಯುತ್ತಿದ್ದರು. ಹಾಳೆಯನ್ನು ಬೆಳಕಿಗೆ ಹಿಡಿದರೆ ಆ ನೀರುಗುರುತು ಕಾಣುತ್ತದೆ. ಒಂದೇ ಗುರುತುಳ್ಳ, ಕಾಲ ನಮೂದಾದ ಪತ್ರಗಳೊಡನೆ ಹೋಲಿಸಿದರೆ ಕಾಗದದ ಕಾಲವನ್ನು ಊಹಿಸಬಹುದು. ಜೋಸೆಫ್ ಮೆಡರ್ ಎಂಬ ವಿದ್ವಾಂಸರು ೧೯೩೨ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಡ್ಯೂರರನ ಅಚ್ಚುಚಿತ್ರಗಳ ಪ್ರತಿಗಳನ್ನು ಇಂಥ ಕುರುಹುಗಳಿಂದಲೇ ವಿಂಗಡಿಸಿದರು.

ಬರಹ ತಪ್ಪಬಹುದು, ಮಹಾಕಲಾವಿದನೂ ತಪ್ಪಬಹುದು. ಬಿರುಕಿಗಾದರೋ ಸುಳ್ಳು ಹೇಳುವ ಉದ್ದೇಶವಿಲ್ಲ. 'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂಬ ನಮ್ಮ ಗಾದೆ ಅಚ್ಚಾದ ಪುಸ್ತಕಕ್ಕೂ ಸಲ್ಲುತ್ತದೆ. ಅದನ್ನು ಕಲಿಯುವುದಕ್ಕೇ ಅಲ್ಲವೇ ನಾವು ಕಾಲೇಜಿಗೆ ಬಂದಿರುವುದು?