ಕಡಲಪಾಚಿಯೊಳಗೆ ಬೆಳೆಯುವ ಜೀವಕೋಶ

ಹಲ್ಲಿನ ಅಚ್ಚು ತೆಗೆಯಲು ದಂತವೈದ್ಯರು ಬಾಯೊಳಗೆ ಒತ್ತಿ ಹಿಡಿಯುವ, ನೋಡನೋಡುತ್ತ ರಬ್ಬರಿನಂತಾಗುವ ಆ ಹಿಟ್ಟಿನ ಹೆಸರು ಆಲ್ಜಿನೇಟ್. ತವರು ಕಂದು ಬಣ್ಣದ ಕಡಲಪಾಚಿ. ಪಾಚಿಯಿಂದ ಅಯೋಡಿನ್ ತೆಗೆಯುವ ಉದ್ಯಮದಲ್ಲಿದ್ದ ಇ.ಸಿ.ಸಿ. ಸ್ಟ್ಯಾನ್‌ಫರ್ಡ್ ಸ್ಕಾಟ್ಲೆಂಡಿನಲ್ಲಿ 1881ರಲ್ಲಿ ಇದನ್ನು ಬೇರ್ಪಡಿಸಿದರು. ಐಸ್‌ಕ್ರೀಮು, ಬಟ್ಟೆ ಮುದ್ರಣ, ಗಾಯದ ಪಟ್ಟಿ ಎಂದೆಲ್ಲ ಬಳಕೆಯಾದ ಈ ಅಂಟು ಈಗ ಬದಲಿ ಅಂಗಾಂಶ ಬೆಳೆಸುವ ಪ್ರಯೋಗಾಲಯಗಳಿಗೂ ಬೇಕಾಗಿದೆ.

ಆಲ್ಜಿನೇಟ್ ದ್ರಾವಣವನ್ನು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದ ನೀರಿಗೆ ತೊಟ್ಟಿಕ್ಕಿಸಿದರೆ, ಎಣ್ಣೆಗೆ ಬಿದ್ದ ಬೂಂದಿಯ ಹಾಗೆ ಹನಿಹನಿಯೂ ಗುಂಡಗೆ ಗಟ್ಟಿಯಾಗುತ್ತದೆ. ಬಿಸಿ ಬೇಡ, ಕಟುವಾದ ರಾಸಾಯನಿಕವೂ ಬೇಡ. ಪಾಚಿಯ ಉದ್ದನೆಯ ಸಕ್ಕರೆ ಸರಪಳಿಗಳ ನಡುವೆ ಕ್ಯಾಲ್ಸಿಯಂ ಕೂತು ಅವನ್ನು ಹೆಣೆದುಬಿಡುತ್ತದೆ, ಅಷ್ಟೇ. ಹಾಗಾಗಿ ಜೀವಂತ ಕೋಶಗಳನ್ನು ದ್ರಾವಣದಲ್ಲಿ ಮೊದಲೇ ಬೆರೆಸಿಟ್ಟರೂ ಅವು ಬದುಕುಳಿಯುತ್ತವೆ.

1980ರಲ್ಲಿ ಫ್ರಾಂಕ್ಲಿನ್ ಲಿಮ್ ಮತ್ತು ಆಂಥನಿ ಸನ್ ಇನ್ಸುಲಿನ್ ಸ್ರವಿಸುವ ಕೋಶಗುಚ್ಛಗಳನ್ನು ಇಂಥ ಗುಳಿಗೆಗಳಲ್ಲಿಟ್ಟು ಮಧುಮೇಹದ ಇಲಿಗಳ ದೇಹಕ್ಕೆ ಸೇರಿಸಿದರು. ಎರಡು–ಮೂರು ವಾರ ಇಲಿಗಳ ಸಕ್ಕರೆ ಹತೋಟಿಯಲ್ಲಿತ್ತು. ಗುಳಿಗೆಯ ಗೋಡೆ ಗ್ಲೂಕೋಸ್, ಇನ್ಸುಲಿನ್‌ಗಳಿಗೆ ದಾರಿ ಬಿಡುತ್ತದೆ, ದಾಳಿಗೆ ಬರುವ ಬಿಳಿ ರಕ್ತಕಣಗಳನ್ನು ಹೊರಗೇ ತಡೆಯುತ್ತದೆ. ಆದರೆ ದೇಹ ಸುಮ್ಮನಿರುವುದಿಲ್ಲ; ಗುಳಿಗೆಯ ಸುತ್ತ ನಾರಿನ ಪೊರೆ ಕಟ್ಟುತ್ತದೆ, ಆಮ್ಲಜನಕ ಸಿಗದೆ ಒಳಗಿನ ಕೋಶಗಳು ಸೊರಗುತ್ತವೆ. ಅಡುಗೆಗೆ ಬಳಸುವ ದರ್ಜೆಯ ಆಲ್ಜಿನೇಟ್ ಇಲ್ಲಿ ನಡೆಯದು. ಅದರಲ್ಲಿ ಉಳಿದ ಕಲ್ಮಶವೇ ಉರಿಯೂತಕ್ಕೆ ಸಾಕು. 2016ರಲ್ಲಿ ಎಂಐಟಿಯ ತಂಡವೊಂದು ಆಲ್ಜಿನೇಟಿನ ರಚನೆಯನ್ನೇ ತುಸು ಮಾರ್ಪಡಿಸಿ, ಚಿಕ್ಕ ಇಲಿಗಳಲ್ಲಿ 174 ದಿನ ಸಕ್ಕರೆ ಹತೋಟಿ ಸಾಧಿಸಿತು. ಗುಳಿಗೆಯೊಳಗಿದ್ದದ್ದು ಮಾನವ ಆಕರಕೋಶಗಳಿಂದ ಬೆಳೆಸಿದ ಕೋಶಗಳು.

ಆಲ್ಜಿನೇಟಿಗೆ ಒಂದು ವಿಚಿತ್ರ ಸ್ವಭಾವವಿದೆ: ಕೋಶಗಳು ಅದಕ್ಕೆ ಅಂಟಿಕೊಳ್ಳುವುದಿಲ್ಲ. ಮೂಳೆ, ಸ್ನಾಯು ಬೆಳೆಸಹೊರಟವರಿಗೆ ಇದು ದೊಡ್ಡ ತಲೆನೋವು. ಕಾಲೂರಲು ಜಾಗವಿಲ್ಲದಿದ್ದರೆ ಆ ಕೋಶಗಳು ಹರಡುವುದಿಲ್ಲ, ಬೆಳೆಯುವುದೂ ಇಲ್ಲ. ಡೇವಿಡ್ ಮೂನಿ ಮತ್ತು ಸಂಗಡಿಗರು 1999ರಲ್ಲಿ ಪ್ರೋಟೀನಿನ ಪುಟ್ಟ ತುಣುಕೊಂದನ್ನು ಸರಪಳಿಗೆ ಹೊಲಿದು ಕೋಶಗಳಿಗೆ ಹಿಡಿಕೆ ಮಾಡಿಕೊಟ್ಟರು. ಆದರೂ ದಪ್ಪ ಅಂಗಾಂಶ ಇನ್ನೂ ಕಷ್ಟ. ರಕ್ತನಾಳದಿಂದ ಸುಮಾರು 0.2 ಮಿ.ಮೀ. ದಾಟಿದರೆ ಆಮ್ಲಜನಕದ ಕೊರತೆ ಶುರು. ಅಂಗವನ್ನೇ ಅಚ್ಚುಹಾಕುತ್ತೇವೆ ಎಂಬ ಸುದ್ದಿ ಓದುವಾಗ ಈ ಅಳತೆ ನೆನಪಿರಲಿ.

ಮಂಡಿಯ ಮೃದ್ವಸ್ಥಿಯ ಲೆಕ್ಕ ಬೇರೆ. ಅಲ್ಲಿ ರಕ್ತನಾಳವೇ ಇಲ್ಲ. ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿದರೆ ಅದರ ಕೋಶಗಳು ಚಪ್ಪಟೆಯಾಗಿ ತಮ್ಮ ಕಸುಬನ್ನೇ ಮರೆಯುತ್ತವೆ. ಅಂಟದ ಆಲ್ಜಿನೇಟಿನೊಳಗೆ ದುಂಡಗೇ ಉಳಿದು ಮೃದ್ವಸ್ಥಿಯ ದ್ರವ್ಯ ತಯಾರಿಸುತ್ತ ಹೋಗುತ್ತವೆ.